ಅಕ್ಕ ತಿದ್ದಿದ ನೇಮಕಾತಿ ಪತ್ರ

ಕಾಪು ಪೇಟೆಯ ನಮ್ಮ ಪ್ರೆಸ್ಸಿನಲ್ಲಿ ಊರಿನ ಅರ್ಧ ಜನರ ಮದುವೆ, ಗೃಹಪ್ರವೇಶ, ಉತ್ತರಕ್ರಿಯೆಗಳ ಕಾಗದ ಅಚ್ಚಾಗಿದೆ. ಅಲ್ಲಿ ದುಡಿಯುವ ಹನ್ನೆರಡು ಮಂದಿಗೆ ಮಾತ್ರ ನಾವು ಒಂದು ಚೀಟಿಯನ್ನೂ ಕೊಟ್ಟವರಲ್ಲ. ಅಪ್ಪ ಯಾರನ್ನು ಕೆಲಸಕ್ಕೆ ತೆಗೆದುಕೊಂಡರೂ "ನಾಳೆಯಿಂದ ಬನ್ನಿ" ಎನ್ನುತ್ತಿದ್ದರು. ಅಷ್ಟೇ ನೇಮಕಾತಿ. ಅಪ್ಪನ ಕಾಲದ ನಂತರ ನಾನೂ ಅದನ್ನೇ ಮುಂದುವರಿಸಿದೆ. ಪರಂಪರೆಯ ಮೇಲಿನ ಗೌರವದಿಂದಲ್ಲ, ಸೋಮಾರಿತನದಿಂದ.

ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದದ್ದೇ ತಡ, ನಮ್ಮ ತೆರಿಗೆ ಕಾಗದ ನೋಡುವ ಉಡುಪಿಯ ಸಲಹೆಗಾರರು ಫೋನು ಮಾಡಿದರು. ಇನ್ನು ಪ್ರತಿಯೊಬ್ಬ ಕೆಲಸಗಾರರಿಗೂ ನೇಮಕಾತಿ ಪತ್ರ ಕಡ್ಡಾಯ, ಹಳಬರಿಗೂ ಕೊಡಲೇಬೇಕು ಎಂದರು. ಕೊನೆಗೆ ದನಿ ತಗ್ಗಿಸಿ ಒಂದು ಉಪಾಯವನ್ನೂ ಹೇಳಿಕೊಟ್ಟರು: ಎಲ್ಲರ ಪತ್ರಕ್ಕೂ ಇವತ್ತಿನ ತಾರೀಕನ್ನೇ ಹಾಕಿ, ಎಲ್ಲರೂ ಇವತ್ತೇ ಸೇರಿದ ಹಾಗಾಗುತ್ತದೆ, ಹಳೆಯದನ್ನು ಕೆದಕುವ ತಾಪತ್ರಯ ಇರುವುದಿಲ್ಲ.

ಆ ಹಳೆಯದರಲ್ಲಿ ಎಲ್ಲರಿಗಿಂತ ಹಳಬರು ನಮ್ಮ ಪ್ರೂಫ್ ನೋಡುವ ಅಕ್ಕ. ಅವರ ಮನೆಮಾತು ಕೊಂಕಣಿ, ನನ್ನದು ತುಳು. ಹಾಗಾಗಿ ಇಪ್ಪತ್ತನಾಲ್ಕು ವರ್ಷಗಳಿಂದ ನಮ್ಮ ವ್ಯವಹಾರವೆಲ್ಲ ಕನ್ನಡದಲ್ಲೇ. ಜಾತಕದಲ್ಲಿ ಕಾಣದ ದೋಷವೂ ಅವರಿಗೆ ಪ್ರೂಫಿನಲ್ಲಿ ಕಾಣುತ್ತದೆ. ಮಣಿಪಾಲದ ಪ್ರಾಧ್ಯಾಪಕರೊಬ್ಬರ ಪುಸ್ತಕದಲ್ಲಿ ಅವರು ಹಿಡಿದ ತಪ್ಪುಗಳನ್ನು ಕಂಡು ಆ ಪ್ರಾಧ್ಯಾಪಕರು ಮುಂದಿನ ಪುಸ್ತಕವನ್ನು ಬೇರೆ ಪ್ರೆಸ್ಸಿಗೆ ಕೊಟ್ಟರು. ಅಕ್ಕ ಇನ್ನು ಎರಡು ಮೂರು ವರ್ಷಗಳಲ್ಲಿ ಕೆಲಸ ಬಿಡುವವರು. ಆಗ ಅವರಿಗೆ ಸಿಗಬೇಕಾದ ಗ್ರಾಚ್ಯುಟಿ ನಿಂತಿರುವುದು ಸೇರಿದ ತಾರೀಕಿನ ಮೇಲೆ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಇವತ್ತಿನ ತಾರೀಕು ಹಾಕಿದೆ.

ನಮ್ಮಲ್ಲಿ ಹೊಸ ಫೈಲು ತೆರೆಯುವ ಪದ್ಧತಿಯೇ ಇಲ್ಲ. ಹಳೆಯ ಮದುವೆ ಕಾಗದವನ್ನು ತೆರೆದು ಅದರ ಮೇಲೆಯೇ ಹೊಸ ಹೆಸರು ಕೂರಿಸುವುದು ಕ್ರಮ. ನಾನೂ ಪಡುಬಿದ್ರಿಯ ಒಂದು ಮದುವೆಯನ್ನು ತೆರೆದೆ. ವಧುವಿನ ಜಾಗದಲ್ಲಿ ಅಕ್ಕನ ಹೆಸರು, ವರನ ಜಾಗದಲ್ಲಿ ಹುದ್ದೆ, ಮುಹೂರ್ತದ ಜಾಗದಲ್ಲಿ ಕೆಲಸದ ವೇಳೆ ತುಂಬಿಸಿದೆ. ಉಳಿದ ಹನ್ನೊಂದು ಪತ್ರಗಳನ್ನೂ ಅದೇ ತಾರೀಕು ಹಾಕಿ ಹೀಗೆಯೇ ಮುಗಿಸಿ ಮೇಜಿನ ಡ್ರಾಯರಿನಲ್ಲಿಟ್ಟೆ. ಕಾನೂನು ಪಾಲನೆ ಇಷ್ಟು ಸುಲಭವೇ ಎಂದು ನನ್ನ ಬಗ್ಗೆ ನನಗೇ ಮೆಚ್ಚುಗೆಯಾಯಿತು.

ಅಕ್ಕನಿಗೆ ಲಕೋಟೆ ಕೊಟ್ಟೆ. ಅವರು ಕನ್ನಡಕ ಏರಿಸಿ ಕೆಂಪು ಪೆನ್ನು ತೆಗೆದರು. ಇದು ಪ್ರೂಫ್ ಅಲ್ಲ, ನಿಮಗೇ ಬಂದ ಪತ್ರ ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ. ಮೊದಲ ಪ್ಯಾರಾದಲ್ಲಿ ಎರಡು ಒತ್ತಕ್ಷರ ಸರಿಮಾಡಿ, ವೇತನದ ಸಾಲಿನ ಹತ್ತಿರ ನಿಂತರು. ಅದರ ಕೆಳಗೆ ಪಡುಬಿದ್ರಿಯ ಮದುವೆಯಿಂದ ಒಂದು ಸಾಲು ಹಾಗೆಯೇ ಉಳಿದಿತ್ತು: "ಆಶೀರ್ವಾದವೇ ಉಡುಗೊರೆ."

ಅಕ್ಕ ಅದನ್ನು ಗಟ್ಟಿಯಾಗಿ ಓದಿದರು. ಬೈಂಡಿಂಗ್ ವಿಭಾಗದ ಹೆಂಗಸರು ಅಂಟಿನ ಕೈಯನ್ನು ಮರೆತು ಬಾಯಿ ಮುಚ್ಚಿಕೊಂಡು ನಕ್ಕರು. ಒಬ್ಬರಿಗಂತೂ ಕೈ ಬಿಡಿಸಿಕೊಳ್ಳುವುದೇ ಕಷ್ಟವಾಯಿತು. ನಾನೂ ನಕ್ಕೆ. ಪೆನ್ನು ಕೆಳಗಿಳಿದು ತಾರೀಕಿನ ಮೇಲೆ ನಿಂತಾಗ ನಗು ನಿಂತಿತು.

"ಇದು ತಪ್ಪುಂಟು," ಎಂದರು ಅಕ್ಕ.

ಅದು ಸಲಹೆಗಾರರು ಹೇಳಿದ್ದು, ಸುಮ್ಮನೆ ಒಂದು ಕ್ರಮ, ಎಲ್ಲ ಕಡೆ ಹೀಗೆಯೇ ಅಂತೆ ಎಂದು ಏನೇನೋ ಗೊಣಗಿದೆ.

"ನಾನು ಇವತ್ತು ಸೇರಿದ್ದಾದರೆ ನಿನ್ನೆವರೆಗೆ ಈ ಕುರ್ಚಿಯಲ್ಲಿ ಕೂತದ್ದು ಯಾರು ಮಾರಾಯ್ರೆ?"

ಅವರು ಸಿಟ್ಟಿನಿಂದ ಕೇಳಲಿಲ್ಲ. ಗಿರಾಕಿಯೊಬ್ಬರ ಹೆಸರಿಗೆ ದೀರ್ಘ ಉಂಟಾ ಇಲ್ಲವಾ ಎಂದು ವಿಚಾರಿಸುವ ದನಿಯಲ್ಲೇ ಕೇಳಿದರು. ನನಗೆ ನಾಚಿಕೆಯಾಯಿತು. ನಿಜವಾದ ಉತ್ತರ ನನ್ನಲ್ಲಿತ್ತು, ಆದರೆ ಹನ್ನೆರಡು ಮಂದಿಯ ಮುಂದೆ ಹೇಳುವಂಥದ್ದಲ್ಲ. ಅಕ್ಕ ಉತ್ತರಕ್ಕೆ ಕಾಯದೆ ತಾರೀಕನ್ನು ಹೊಡೆದುಹಾಕಿ, ಬದಿಯಲ್ಲಿ ತಾವು ಸೇರಿದ ದಿನ, ತಿಂಗಳು, ವರ್ಷ ಮೂರನ್ನೂ ಬರೆದರು.

ಸಲಹೆಗಾರರಿಗೆ ಫೋನು ಮಾಡಿ, ನಿಜವಾಗಿ ಸೇರಿದ ತಾರೀಕನ್ನೇ ಹಾಕುತ್ತೇನೆ ಎಂದು ತಿಳಿಸಿದೆ. ಹಾಗೆ ಹಾಕಿದರೆ ಹಳೆಯದನ್ನೆಲ್ಲ ನೀವೇ ಒಪ್ಪಿಕೊಂಡ ಹಾಗಾಗುತ್ತದಲ್ಲ ಎಂದು ಅವರು ಗಾಬರಿಯಾದರು. ಒಪ್ಪಿಕೊಂಡಿದ್ದೇನೆ ಎಂದೆ. ಹಾಗೆನ್ನುವಾಗ ನಾನೊಬ್ಬ ದೊಡ್ಡ ಮನುಷ್ಯ ಎಂದು ಒಂದು ಕ್ಷಣ ಅನ್ನಿಸಿದ್ದೂ ನಿಜ.

ತಿದ್ದಿದ ಪ್ರತಿ ತೆಗೆದುಕೊಟ್ಟೆ. ಅಕ್ಕ ಸಾಲಿನ ಕೆಳಗೆ ಬೆರಳಿಟ್ಟು ಕೊನೆಯವರೆಗೆ ಓದಿದರು. ತಾರೀಕನ್ನು ಎರಡು ಸಲ ಓದಿದರು. ಇಷ್ಟು ವರ್ಷಗಳಲ್ಲಿ ಓದಿದ ಕಾಗದವನ್ನು ಅವರು ನನಗೆ ಹಿಂದಿರುಗಿಸದೆ ಇದ್ದದ್ದು ಅದೊಂದೇ ಸಲ. ಮಡಚದೆ ಲಕೋಟೆಗೆ ಹಾಕಿ, ಬುತ್ತಿಯ ಎಣ್ಣೆ ತಾಗದಂತೆ ಚೀಲದ ಬದಿಗೆ ನಿಲ್ಲಿಸಿಟ್ಟರು. ಅವರ ಕಣ್ಣು ಒದ್ದೆಯಾಗಿತ್ತು. ಎಲ್ಲ ಸುಖಾಂತ್ಯವಾಯಿತು ಎಂದುಕೊಂಡು ನಾನು ಏಳಲು ಹೊರಟೆ.

ಅಕ್ಕ ಕನ್ನಡಕ ಒರೆಸಿಕೊಂಡು ನನ್ನತ್ತ ಕೈ ಚಾಚಿದರು.

"ಉಳಿದ ಹನ್ನೊಂದು ಕೊಡಿ."