ಮೇಸ್ತ್ರಿ ಎಬ್ಬಿಸಿದ ನೀರು

ಪಾರ್ಕಿನ ಕಾರಂಜಿಯನ್ನು ಇಪ್ಪತ್ತಾರು ವರ್ಷ ನೋಡಿಕೊಂಡ ಮೇಸ್ತ್ರಿಗೆ ಅದರ ಮೇಲೆ ಎಲ್ಲಿಲ್ಲದ ಮಮತೆ, ಅದರ ಮೋಟಾರಿನ ಮೇಲೆ ಮಾತ್ರ ಕಡುಕೋಪ. ಆ ಮೋಟಾರು ನಾಲ್ಕು ವರ್ಷದಿಂದ ಏದುಸಿರು ಬಿಡುತ್ತಿತ್ತು. ಕಲ್ಲಿನ ಬೋಗುಣಿಯಿಂದ ಆಳೆತ್ತರ ಚಿಮ್ಮಬೇಕಾದ ನೀರು ಗೇಣುದ್ದ ಎದ್ದು ಸುಸ್ತಾಗಿ ಕೂರುತ್ತಿತ್ತು. ಹೊಸ ಮೋಟಾರು ಕೊಡಿ ಎಂದು ಅವರು ಬರೆದ ಹನ್ನೊಂದು ಅರ್ಜಿಗಳನ್ನು ಕಡತಕ್ಕೆ ಸೇರಿಸಿದ ಗುಮಾಸ್ತ ನಾನೇ. ಹಳೆಯದು ನಿಂತರೆ ಕಾರಂಜಿ ಬಂದ್, ಮೇಸ್ತ್ರಿ ಚರಂಡಿ ವಿಭಾಗಕ್ಕೆ. ಇದು ಅವರಿಗೂ ಗೊತ್ತಿತ್ತು.

ಅಷ್ಟರಲ್ಲಿ ಕಚೇರಿಯ ಗೋಡೆಗೆಂದು ಕಾರಂಜಿಯ ಜಲವರ್ಣ ಚಿತ್ರ ಬರೆಯಲು ಒಬ್ಬ ಕಲಾವಿದೆ ಬಂದರು. ಬುದ್ಧಿಯಿದ್ದವರಾದರೆ ಗೇಣುದ್ದದ ನೀರನ್ನೇ ತೋರಿಸಿ ತೆಪ್ಪಗಿರುತ್ತಿದ್ದರು. ನಮ್ಮ ಮೇಸ್ತ್ರಿಗೆ ಮರ್ಯಾದೆಯ ಪ್ರಶ್ನೆ! ಗಿಡಗಳಿಗೆ ನೀರು ಬಿಡುವ ಪಂಪನ್ನು ಮಾಲಿಯಿಂದ ಕಾಡಿಬೇಡಿ ತಂದು, ಪೊದೆಯ ಹಿಂದೆ ಅಡಗಿಸಿ, ಕಾರಂಜಿಯ ಪೈಪಿಗೆ ಜೋಡಿಸಿದರು. ಎರಡು ತಾಸು ನೀರು ಆಳೆತ್ತರ ನಿಂತಿತು.

ಚಿತ್ರ ಗೋಡೆಗೇರಿದ ದಿನ ಸಾಹೇಬರು ಚೌಕಟ್ಟು ನೋಡಿ ತಲೆದೂಗಿದರು, ಉಳಿದವರು ಸಾಹೇಬರನ್ನು ನೋಡಿ ತಲೆದೂಗಿದರು. ಮೇಸ್ತ್ರಿ ಮಾತ್ರ ಮೂಗು ತಾಗುವಷ್ಟು ಹತ್ತಿರ ಹೋದರು.

"ಅಲ್ಲಾ, ನೀರಿಗೆ ಬಣ್ಣಾನೇ ಹಚ್ಚಿಲ್ಲ! ಸುತ್ತ ಮಾತ್ರ ಹಚ್ಚಿ, ನೀರಿರೋ ಕಡೆ ಕಾಗದಾನ ಹಾಗೇ ಬಿಟ್ಟಿದಾರೆ. ಎಂಥಾ ಕೈ!"

ಆಗ ಸಾಹೇಬರು ತಿರುಗಿದರು. "ಇಷ್ಟು ಚೆನ್ನಾಗಿ ಚಿಮ್ತಾ ಇದೆಯಲ್ಲ ಮೇಸ್ತ್ರಿ, ಹೊಸ ಮೋಟಾರು ಯಾಕ್ರೀ? ಇಲ್ಲಾ, ಆ ಮೇಡಂ ಸುಮ್ನೆ ಕಲ್ಪನೆ ಮಾಡಿ ಬರೆದಿದಾರೋ?"

ಹೌದು ಕಲ್ಪನೆ ಎಂದುಬಿಟ್ಟರೆ ಮೋಟಾರು ಬಂದ ಹಾಗೆಯೇ. ನಾನು ಕೆಮ್ಮಿದೆ, ಕಣ್ಣು ಮಿಟುಕಿಸಿದೆ, ಕಾಲು ಕೂಡ ತುಳಿದೆ.

"ಕಲ್ಪನೆ ಅಲ್ಲ ಸಾರ್," ಎಂದರು ಮೇಸ್ತ್ರಿ, ಚಿತ್ರದಿಂದ ಕಣ್ಣು ತೆಗೆಯದೆ. "ಅಷ್ಟೇ ಎತ್ತರ ಎದ್ದಿತ್ತು. ಒಂದಂಗುಲಾನೂ ಹೆಚ್ಚು ಬರೆದಿಲ್ಲ ಅವರು."

ಸಾಹೇಬರು ಕಡತದ ಮೇಲೆ 'ಅಗತ್ಯವಿಲ್ಲ' ಎಂದು ಬರೆದರು. ನನಗೆ ಮೈಯೆಲ್ಲ ಉರಿಯಿತು. ಆ ಮನುಷ್ಯನ ಮುಖದಲ್ಲಿ ಮಾತ್ರ ಪ್ರಶಸ್ತಿ ಬಂದ ಕಳೆ.

ಮುಂದಿನ ವಾರವೇ ಮೋಟಾರು ಕೈಕೊಟ್ಟಿತು. ಕಾರಂಜಿಗೆ ತಂತಿಬೇಲಿ, ಮೇಸ್ತ್ರಿಗೆ ವರ್ಗದ ಆದೇಶ. ಅದನ್ನು ಟೈಪು ಮಾಡಿದವನೂ ನಾನೇ. ಆದೇಶ ಪಡೆಯಲು ಬಂದ ದಿನ ಅವರು ಹೆಂಡತಿಯನ್ನೂ ಕರೆತಂದು ಚಿತ್ರದ ಮುಂದೆ ನಿಲ್ಲಿಸಿದರು.

ಆಕೆ ಬಹಳ ಹೊತ್ತು ಹುಡುಕಿದರು. "ಚೆನ್ನಾಗೇನೋ ಇದೆ ರೀ. ಆದ್ರೆ ಇದರಲ್ಲಿ ನೀವೆಲ್ಲಿದೀರಿ?"

ಮೇಸ್ತ್ರಿ ತಡವರಿಸಲಿಲ್ಲ. ಆಳೆತ್ತರ ಎದ್ದು ನಿಂತ ಆ ನೀರಿನ ತುದಿಗೆ ಬೆರಳು ತೋರಿಸಿದರು.