ಮಾಸ್ತರರು ಹುಟ್ಟಿಸಿದ ಶಬ್ದ

ಮೊನ್ನೆ ಬೀದರಿನ ಪುಸ್ತಕದಂಗಡಿಯಲ್ಲಿ ಹೊಸ ಶಬ್ದಕೋಶವೊಂದನ್ನು ತೆರೆದೆ. ಅಂಟಿನ ಹಸಿ ವಾಸನೆ ಮೂಗಿಗೆ ಬಡಿಯಿತು. ಹಾಳೆ ತಿರುವುತ್ತ ‘ಬ’ ಅಕ್ಷರಕ್ಕೆ ಬಂದೆ... ಇದೆ! ‘ಬರುಹಾಜರ್: ಈಗ ಇಲ್ಲದಿದ್ದರೂ ಬಂದೇ ಬರುವವರು. ಬೀದರ್ ಕಡೆಯ ಮಾತು.’ ಅಂಗಡಿಯಲ್ಲೇ ಕಣ್ಣು ತುಂಬಿತು.

ಅದು ನಮ್ಮ ಮಾಸ್ತರರು ಹುಟ್ಟಿಸಿದ ಶಬ್ದ. ಭಾಲ್ಕಿ ಕಡೆಯ ನಮ್ಮ ಹಳ್ಳಿಗೆ ಬರ ಬಿದ್ದ ವರ್ಷಗಳವು. ಮನೆಮಂದಿಯೆಲ್ಲ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ಮಕ್ಕಳು ಬಹಳ ದಿನ ಗೈರುಹಾಜರಾದರೆ ಶಾಲೆಯಲ್ಲಿ ಹೆಸರು ಹೊಡೆದುಹಾಕುತ್ತಿದ್ದರು. ನನ್ನ ಅಕ್ಕನ ಹೆಸರು ಹಾಗೆಯೇ ಹೋಯಿತು. ಅವಳು ಮತ್ತೆ ಪಾಟಿ ಹಿಡಿಯಲಿಲ್ಲ. ಮರುವರ್ಷ ನನ್ನ ಸರದಿ. ಮಾಸ್ತರರು ನನ್ನ ಹೆಸರಿನ ಮುಂದೆ ಹಾಜರ್ ಎಂದೂ ಬರೆಯಲಿಲ್ಲ, ಗೈರುಹಾಜರ್ ಎಂದೂ ಬರೆಯಲಿಲ್ಲ. ‘ಬರುಹಾಜರ್’ ಎಂದು ಬರೆದರು.

ತಪಾಸಣೆಗೆ ಬಂದ ಸಾಹೇಬರು ನಕ್ಕರಂತೆ. “ಇದು ಯಾವ ಶಬ್ದಕೋಶದಾಗ ಅದರಿ ಮಾಸ್ತರ್? ಅದರಾಗ ಇದ್ರ ನಾ ಹೆಸರ ಹೊಡ್ಯಂಗಿಲ್ಲ ನೋಡ್ರಿ.”

“ಹಂಗಾದ್ರ ತಡೀರಿ ಸಾಹೇಬ್ರ, ಸೇರಸ್ತೇನಿ.”

ಅದು ಕುಚೋದ್ಯವೆಂದು ಊರಿಗೆಲ್ಲ ತಿಳಿಯಿತು, ನಮ್ಮ ಪುಣ್ಯಾತ್ಮ ಮಾಸ್ತರರಿಗೆ ಮಾತ್ರ ತಿಳಿಯಲಿಲ್ಲ! ಬೆಂಗಳೂರಿನ ಶಬ್ದಕೋಶದವರಿಗೆ ಕಾಗದ ಬರೆದೇಬಿಟ್ಟರು. ಜನ ಬಳಸಿದ್ದಕ್ಕೆ ಬರಹದ ಪುರಾವೆ ಕಳಿಸಿ ಎಂದು ಉತ್ತರ ಬಂತು. ಅಷ್ಟು ಸಾಕಾಯಿತು ನೋಡಿ. ಗುಳೆ ಹೊರಟ ಪ್ರತಿ ಮನೆಗೂ ತಮ್ಮ ವಿಳಾಸ ಬರೆದ ಕಾರ್ಡು ಕೊಟ್ಟರು. ನಾನು ಹೈದರಾಬಾದಿನಲ್ಲಿ ಇಟ್ಟಿಗೆ ರಾಶಿಯ ಮೇಲೆ ಕೂತು ಬರೆದೆ: ‘ಮಾಸ್ತರ್ರಿ, ನಾ ಬರುಹಾಜರ್ ಅದೀನ್ರಿ.’ ಅತ್ತ ಊರಲ್ಲಿ ಚಹಾದಂಗಡಿಯ ಚಾಚಾ, “ದೂದ್ ಬರುಹಾಜರ್ ಅದ, ಕುಂದರ್ರಿ” ಎನ್ನತೊಡಗಿದ್ದರಂತೆ. ಅವರಿಂದಲೂ ಒಂದು ಕಾರ್ಡು ಬರೆಸಿಕೊಂಡರು ನಮ್ಮ ಮಾಸ್ತರರು. ಸಾಹೇಬರು ಬಂದಾಗಲೆಲ್ಲ ಕಾರ್ಡಿನ ಕಟ್ಟು ಮುಂದಿಟ್ಟು, “ಕೆಲಸ ನಡದದರಿ” ಎನ್ನುತ್ತಿದ್ದರು. ಕೊನೆಗೆ ಸಾಹೇಬರೇ ಬೇಸತ್ತರು.

ಮಳೆಯಾಗಿ ನಾವು ಮರಳಿದಾಗ ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿತ್ತು. ಮಾಸ್ತರರು ಇರಲಿಲ್ಲ. ಔರಾದ್ ಕಡೆಯ ಗಡಿಹಳ್ಳಿಯೊಂದಕ್ಕೆ ಅವರ ವರ್ಗವಾಗಿತ್ತು. ಅಲ್ಲಿಂದಲೂ ಪುರಾವೆ ಕಳಿಸುತ್ತಲೇ ಇದ್ದರಂತೆ, ಕಣ್ಣು ಮುಚ್ಚುವ ತನಕ... ನಾನು ಓದಿ ನರ್ಸಾದೆ. ಅವರನ್ನು ನೋಡಲು ಮಾತ್ರ ಒಮ್ಮೆಯೂ ಹೋಗಲಿಲ್ಲ. ಆ ತಪ್ಪು ನನ್ನದೇ, ಈಗ ಯಾರ ಮುಂದೆ ಹೇಳಿಕೊಳ್ಳಲಿ?

ಶಬ್ದಕೋಶ ಕೊಂಡು, ವಿಳಾಸ ಕೇಳಿಕೊಂಡು, ಬೀದರಿನಲ್ಲೇ ಇರುವ ಅವರ ಹೆಂಡತಿಯ ಮನೆಗೆ ಹೋದೆ. ನಾನು ಯಾರೆಂದು ಹೇಳಿದೆ. ಅವರಿಗೆ ಓದು ಬಾರದು. ಕೈ ಹಿಡಿದು ಆ ಶಬ್ದದ ಮೇಲೆ ಬೆರಳಿಡಿಸಿದೆ.

“ಇದರಾಗ ಅವರ ಹೆಸರ ಅದ ಏನವ್ವಾ?”

“ಇಲ್ರಿ ಅವ್ವಾರ.”

ಸ್ವಲ್ಪ ಹೊತ್ತು ಬೆರಳು ತೆಗೆಯಲಿಲ್ಲ. “ಇರಲಿ ಬಿಡು,” ಎಂದರು. “ನಿನ್ನ ಹೆಸರ ಉಳೀತಲ್ಲ.”