ಕಟ್ಟೆಯ ಮೇಲಿನ ಸಾರಂಗಿ

ಹಿಂದುಸ್ತಾನಿ ಗಾಯಕರ ಹೆಸರು ಹೇಳಿ ಎಂದರೆ ನಮ್ಮ ಸೀಮೆಯ ಸಣ್ಣ ಮಕ್ಕಳೂ ನಾಲ್ಕು ಹೆಸರು ಹೇಳಿಯಾರು. ಆ ಗಾಯಕರ ಮಗ್ಗುಲಲ್ಲಿ ಕುಳಿತು ದನಿಗೂಡಿಸಿದ ಸಾರಂಗಿಯವರ ಹೆಸರು ಕೇಳಿದರೆ ದೊಡ್ಡವರೂ ತಲೆ ಕೆರೆದುಕೊಳ್ಳುತ್ತಾರೆ. ಹಾರ್ಮೋನಿಯಂ ಬಂದು ಸಾರಂಗಿಯ ಅನ್ನ ಕಸಿದುಕೊಂಡ ಕಾಲದಲ್ಲಿ ಆ ವಾದ್ಯವನ್ನೇ ಹಟ ಹಿಡಿದು ಕಲಿತು, ಹೈದರಾಬಾದಿನ ಬಾನುಲಿಯಲ್ಲಿ ಮೂವತ್ತೈದು ವರ್ಷ ನುಡಿಸಿ, ಈ ತಿಂಗಳು ನಿವೃತ್ತರಾಗುತ್ತಿರುವ ಪಂಡಿತ ಜಯತೀರ್ಥರು ಇಲ್ಲಿಯ ಕನ್ನಡಿಗರ ಹೆಮ್ಮೆ. ‘ಪಂಡಿತ’ ಎಂದರೆ ಅವರಿಗೆ ಸಿಟ್ಟು ಬರುತ್ತದೆಂದು ಗೊತ್ತಿದ್ದೇ ಬರೆದಿದ್ದೇವೆ. ಅಷ್ಟು ಸಲಿಗೆ ಈ ಅಭಿನಂದನ ಗ್ರಂಥಕ್ಕಿರಲಿ.

ರಾಯಚೂರಿನ ವಕೀಲ ನರಸಿಂಹರಾಯರ ಕಿರಿಯ ಮಗನಿಗೆ ಊರು ಬಿಡುವ ಗರಜೇ ಇರಲಿಲ್ಲ. ಉಣ್ಣಲು ಉಡಲು ಕೊರತೆಯಿಲ್ಲದ ಮನೆ. ತಂದೆಯ ಒಂದು ಮಾತಿಗೆ ಖಜಾನೆ ಕಚೇರಿಯಲ್ಲಿ ಕುರ್ಚಿ ಕಾದಿತ್ತು. ಆದರೆ ಒಂದು ಸಂಜೆ ಊರಿಗೆ ಬಂದಿದ್ದ ಉಸ್ತಾದ್ ದಸ್ತಗೀರ್ ಸಾಹೇಬರ ಸಾರಂಗಿ ಕೇಳಿದ ಮೇಲೆ ಆ ಕುರ್ಚಿ ಅವರಿಗೆ ರುಚಿಸಲಿಲ್ಲ. ೧೯೭೦ರಲ್ಲಿ ಹಾಸಿಗೆ ಸುತ್ತಿಕೊಂಡು ಹೈದರಾಬಾದಿನ ರೈಲು ಹತ್ತಿ, ಸಾಹೇಬರ ಶಿಷ್ಯರಾದರು. ಮಲ್ಕಾಜ್‌ಗಿರಿಯಲ್ಲಿ ರೈಲ್ವೆ ಗಾರ್ಡ್ ವೀರಭದ್ರಪ್ಪನವರು ಹಿಂದಿನ ಕೋಣೆ ಕೊಟ್ಟರು. “ಗಾಡಿ ಸೀಟಿ ಕೇಳಿ ಕೇಳಿ ನನ್ನ ಕಿವಿ ಗಟ್ಟಿಯಾಗ್ಯಾವರಿ. ನೀವೇನ್ ಅಂಜಬ್ಯಾಡ್ರಿ, ಎಷ್ಟ ಬೇಕಾದ್ರೂ ತಿಕ್ಕ್ರಿ,” ಎಂದರಂತೆ ಆ ಪುಣ್ಯಾತ್ಮರು.

ತಂದೆಯ ಸಿಟ್ಟು ವರ್ಷದೊಳಗೆ ಇಳಿಯಿತು. ತಾಯಿ ಅಂಬುಬಾಯಿಯವರದು ಸಿಟ್ಟಲ್ಲ, ಮಡಿ. ಸಾರಂಗಿಯ ಮುಖ್ಯ ತಂತಿಗಳು ಆಡಿನ ಕರುಳಿನಿಂದ ಹೊಸೆದವು. ಅಂಥದ್ದು ದೇವರಮನೆ ಇರುವ ಮನೆಯೊಳಗೆ ಬರುವುದೆಂದರೇನು? “ನೀ ಬಾ, ಉಣ್ಣು, ಇರು. ಅದು ಮಾತ್ರ ಹೊಸ್ತಿಲ ದಾಟಬಾರದು,” ಎಂದು ಹೇಳಿಬಿಟ್ಟಿದ್ದರು. ಬೆಳಗಿನ ಜಾವ ಆಕೆ ಹಾಡುತ್ತಿದ್ದ ದೇವರ ಹಾಡುಗಳಿಂದಲೇ ಜಯತೀರ್ಥರ ಕಿವಿಗೆ ಸ್ವರ ಹತ್ತಿದ್ದು. ಯಾರು ಕೇಳದಿದ್ದರೂ ಅವ್ವ ಒಮ್ಮೆ ಕೇಳಬೇಕು ಎಂಬ ಆಸೆಯನ್ನು ನುಂಗಿಕೊಂಡು, ನಾಲ್ಕು ವರ್ಷ ಅವರು ಬರಿಗೈಯಲ್ಲೇ ಊರಿಗೆ ಹೋಗಿಬಂದರು.

ಬಾನುಲಿಯ ಆಯ್ಕೆ ಪರೀಕ್ಷೆ ಹತ್ತಿರ ಬಂದಾಗ ಅವರಿಗೊಂದು ಉಪಾಯ ಹೊಳೆಯಿತು. ಕೃಷ್ಣಾಜಿನದ ಮೇಲೆ ಕುಳಿತು ಜಪ ಮಾಡಬಹುದಾದರೆ, ಭಜನೆಗೆ ಮೃದಂಗ ನಡೆಯುವುದಾದರೆ, ಸಾರಂಗಿಯ ಹೊಟ್ಟೆಗೆ ಹೊದಿಸಿದ ಚರ್ಮಕ್ಕೂ ಮಾಫಿ ಸಿಕ್ಕೀತು, ತೊಡಕು ಕರುಳಿನದಷ್ಟೇ. ಇಂಥ ಶಾಸ್ತ್ರಾರ್ಥ ವೈಷ್ಣವರ ಮನೆಯ ಹುಡುಗನಿಗಲ್ಲದೆ ಇನ್ನಾರಿಗೆ ಹೊಳೆದೀತು! ತಂತಿಗಳನ್ನು ಬಿಚ್ಚಿ, ಹಳೆಯ ರೇಷ್ಮೆ ಮಡಿಯ ಎಳೆಗಳನ್ನು ಹೊಸೆದು ಬಿಗಿದರು. ಊರಿಗೆ ಹೊರಡುವ ಮುನ್ನ ಪಾಠಕ್ಕೆ ಕುಳಿತಾಗ ಉಸ್ತಾದರು ಎರಡೇ ಸ್ವರ ಕೇಳಿ ಕೈ ಹಿಡಿದರು.

“ಇಸ್ಕಾ ಗಲಾ ಕೌನ್ ದಬಾಯಾ ಮಿಯಾಂ?”

ಇದರ ಕತ್ತು ಹಿಸುಕಿದವರಾರು ಎಂದು ಗುರುಗಳು ಕೇಳಿದಾಗ ಶಿಷ್ಯ ಇದ್ದುದನ್ನು ಇದ್ದ ಹಾಗೆ ಹೇಳಿದ. ಉಸ್ತಾದರು ನಗಲಿಲ್ಲ, ಬೈಯಲೂ ಇಲ್ಲ. ನಕಲಿ ದನಿ ಕೇಳಿ ತಾಯಿ ಹೂಂ ಎಂದರೆ ಆ ಒಪ್ಪಿಗೆಯಿಂದ ಬಂದ ಭಾಗ್ಯವೇನು, ಕೇಳಿಸುವುದಾದರೆ ಅಸಲಿ ದನಿಯನ್ನೇ ಕೇಳಿಸು ಎಂದು ತಿಳಿಹೇಳಿ, ಕರುಳಿನ ತಂತಿಗಳನ್ನು ತಮ್ಮ ಕೈಯಾರೆ ಮತ್ತೆ ಕಟ್ಟಿಕೊಟ್ಟರು.

ಜಯತೀರ್ಥರು ರಾಯಚೂರಿಗೆ ಹೋಗಿ ಮನೆಯ ಹೊರಗಿನ ಕಟ್ಟೆಯ ಮೇಲೆ ಕುಳಿತು, ತಾಯಿ ದಿನಾ ಹಾಡುವ ಹಾಡನ್ನೇ ನುಡಿಸತೊಡಗಿದರು. ಒಳಗೆ ಪಾತ್ರೆಯ ಸದ್ದು ನಿಂತಿತು. ಮಡಿಸೀರೆಯಲ್ಲಿದ್ದ ಅಂಬುಬಾಯಿ ಹೊಸ್ತಿಲಿಗೆ ಬಂದು ನಿಂತರು. ನಿಂತವರು ಹೊಸ್ತಿಲು ದಾಟಿ ಕಟ್ಟೆಯ ಮೇಲೆ ಮಗನ ಪಕ್ಕ ಕುಳಿತೇಬಿಟ್ಟರು.

“ಅತ್ತಿ, ಮಡೀ!” ಎಂದು ಹಿರಿಯ ಸೊಸೆ ಒಳಗಿನಿಂದ ಕೂಗಿದಳು.

“ಗೊತ್ತದವಾ. ಅದು ಒಳಗ ಬರೂ ಹಂಗಿಲ್ಲ, ನಾ ಹೊರಗ ಬರಬಹುದಲ್ಲಾ? ಮತ್ತೊಮ್ಮೆ ಸ್ನಾನ ಮಾಡ್ತೀನಿ. ನೀ ನುಡಸೋ,” ಎಂದರು ಆ ತಾಯಿ. ಮುಗಿದ ಮೇಲೆ ಕಣ್ಣೊರೆಸಿಕೊಂಡು, “ಮೂರನೇ ನುಡಿ ಬಿಟ್ಟೀ ನೋಡು,” ಎಂದು ತಪ್ಪು ತೋರಿಸಿದರು. ಬದುಕಿರುವ ತನಕ ಮಗ ಬಂದಾಗಲೆಲ್ಲ ಆಕೆ ಎರಡು ಸಲ ಸ್ನಾನ ಮಾಡಿದರು.

ಮುಂದಿನ ತಿಂಗಳೇ ಬಾನುಲಿಯ ಕೆಲಸವಾಯಿತು. ಅಲ್ಲಿ ಅವರ ಉಪಕಾರ ಉಂಡವರು ಬಹಳ. ಗಾಯಕಿ ಗೋದಾವರಿಯವರ ಮೊದಲ ಧ್ವನಿಮುದ್ರಣದಲ್ಲಿ ತಾರಸ್ವರ ಒಡೆಯಿತು. ಕೂಡಲೇ ಜಯತೀರ್ಥರು ಕಮಾನು ಕೆಳಗಿಟ್ಟು, “ನಂದ ತಂತಿ ಇಳೀತ್ರೀ, ಇನ್ನೊಮ್ಮೆ ತಗೋರಿ,” ಎಂದರು. ತಂತಿ ಇಳಿದಿರಲಿಲ್ಲ. ಆ ಮಾತು ನೆನೆದು ಗೋದಾವರಿಯವರು ಇಂದಿಗೂ ಕೈಮುಗಿಯುತ್ತಾರೆ.

ನಿವೃತ್ತಿ ಬಂತಲ್ಲ, ಇನ್ನು ಊರಿಗೋ ಎಂದು ಮೊನ್ನೆ ಕೇಳಿದೆವು. “ಹೋಗೂದದ. ರಾಯಚೂರಿಗಲ್ಲ, ಚಿತ್ರದುರ್ಗಕ್ಕ,” ಎಂದರು. ಇಲ್ಲಿಯ ಗಚ್ಚಿಬೌಲಿಯಲ್ಲಿ ಓದುತ್ತ ಅವರಲ್ಲಿ ಸಾರಂಗಿ ಕಲಿಯುತ್ತಿರುವ ಚಿತ್ರದುರ್ಗದ ಹುಡುಗಿ ಪ್ರೇಮಾಳಿಗೆ, ಅದನ್ನು ಬಿಟ್ಟು ಊರಿಗೆ ಬಾ ಎಂದು ತಾಯಿಯ ಒತ್ತಾಯವಂತೆ. “ಒಮ್ಮೆ ಕೇಳಲಿ, ಆಮ್ಯಾಲೆ ಬ್ಯಾಡ ಅನ್ನಲಿ. ಆಕಿನ ನುಡಸ್ತಾಳ, ನಾ ಬರೇ ಮಗ್ಗಲದಾಗ ಕೂಡ್ತೀನಿ.”

ಹೀಗೆ ಮಗ್ಗುಲಲ್ಲಿ ಕೂಡುವವರ ಆಯುಷ್ಯ ನೂರಾಗಲಿ, ಬೆರಳಿನ ಕಸುವು ಕುಂದದಿರಲಿ. ಚಿತ್ರದುರ್ಗದ ಆ ತಾಯಿಯೂ ಬಾಗಿಲು ದಾಟಿ ಹೊರಗೆ ಬರಲಿ.